ಸರ್ಕಾರದ ಬಂದೂಕ, ನಮ್ಮನೆ ಹುಣಸೆಹಣ್ಣು

ನಾನು ಮದುವೆಯಾಗಿ ಬಂದ ಮೊದಲ ವಾರದಲ್ಲೇ ನಮ್ಮ ಅತ್ತೆ ದೇವರ ಕೋಣೆ ತೋರಿಸಿದರು. ಬೀರಪ್ಪನ ಪಟ, ದೀಪದ ಗೂಡು, ಮಡಿಸಿಟ್ಟ ಕರಿ ಕಂಬಳಿ, ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಒಂದು ಬಂದೂಕ. ಹಿರಿಯೂರು ಕಡೆಯ ನಮ್ಮ ತವರಿನಲ್ಲಿ ದೇವರ ಹತ್ತಿರ ಬಂದೂಕ ಇಟ್ಟಿದ್ದನ್ನು ನಾನು ಕಂಡಿರಲಿಲ್ಲ. ಇದೂ ನಿಮ್ಮ ಮನೆದೇವರಾ ಅಂತ ಕೇಳಿದೆ. ಅತ್ತೆ ನಗಲಿಲ್ಲ. "ದೇವರಲ್ಲವ್ವ, ಸರ್ಕಾರದ್ದು. ಆದ್ರೆ ದೇವರಂಗೆ ನೋಡ್ಕಬೇಕು" ಅಂದರು.

ಆವತ್ತು ಅರ್ಥವಾಗದೆ ತಲೆಯಾಡಿಸಿದೆ. ಈಗ ಅತ್ತೆ ಇಲ್ಲ, ನನಗೂ ಕೂದಲು ಬೆಳ್ಳಗಾಗಿದೆ, ಆ ಮಾತು ಪೂರ್ತಿ ಅರ್ಥವಾಗಿದೆ ಅಂತ ಈಗಲೂ ಹೇಳಲಾರೆ.

ನಮ್ಮೂರು ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿನ ಕಡೆಗೆ. ಊರಿನ ಮುಕ್ಕಾಲು ಪಾಲು ಜನ ಕುರಿ ಸಾಕುವವರು. ಒಂದು ಕಾಲದಲ್ಲಿ ಕುರಿ ಕಳ್ಳರು ಹಟ್ಟಿಗೇ ನುಗ್ಗಿ ಹತ್ತಿಪ್ಪತ್ತು ಕುರಿ ಹೊಡೆದುಕೊಂಡು ಹೋಗುತ್ತಿದ್ದರಂತೆ. ಆಗ ಸರ್ಕಾರದವರು ಊರೂರಿನಲ್ಲಿ ಗಟ್ಟಿ ಆಳುಗಳನ್ನು ಆರಿಸಿ ಕಾವಲು ದಳ ಮಾಡಿದರು. ನಮ್ಮೂರಿನ ದಳಕ್ಕೆ ನಮ್ಮ ಮಾವನೇ ಮುಖಂಡ. ದಳದ ಲೆಕ್ಕದಲ್ಲಿ ಒಂದು ಬಂದೂಕ ಕೊಟ್ಟು, ಅದನ್ನು ಮುಖಂಡನ ಮನೆಯಲ್ಲಿ ಇಡಬೇಕು ಅಂತ ಹೇಳಿದ್ದರಂತೆ. ವರ್ಷಕ್ಕೊಂದು ಸಲ ಸಾಹೇಬರು ಬಂದು, ಶಾಲೆ ಬಯಲಿನಲ್ಲಿ ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಂದೂಕದ ನಂಬರು ಕೂಗಿಸಿ, ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿ ಹೋಗುತ್ತಿದ್ದರು. ಮಾವ ಅದನ್ನು ಒಂದೇ ಸಲ ಹಾರಿಸಿದ್ದು, ಅದೂ ಆಕಾಶಕ್ಕೆ. ಕಳ್ಳರು ಓಡಿದರು, ನಮ್ಮ ಕುರಿಗಳೂ ಓಡಿದವು. ಕುರಿ ಕೂಡಿಸುವುದಕ್ಕೆ ಎರಡು ದಿನ ಹಿಡಿಯಿತು ಅಂತ ಅತ್ತೆ ಹೇಳಿಕೊಂಡು ನಗುತ್ತಿದ್ದರು.

ಕಳ್ಳರ ಕಾಟ ನಿಂತ ಮೇಲೆ ದಳವೂ ತಾನೇ ತಾನಾಗಿ ಕರಗಿತು. ತೋಟಾಗಳನ್ನು ಮಾವ ಆಗಲೇ ವಾಪಸ್ಸು ಕೊಟ್ಟಿದ್ದರು. ಬಂದೂಕವನ್ನು ಯಾರೂ ಕೇಳಲಿಲ್ಲ, ಇವರೂ ಕೊಡಲಿಲ್ಲ.

ಮಾರ್ನಮಿ ಬಂತೆಂದರೆ ಆಯುಧಪೂಜೆಗೆ ಮನೆಯ ಕಬ್ಬಿಣವೆಲ್ಲ ಅಂಗಳಕ್ಕೆ ಬರುತ್ತಿತ್ತು. ಕುಡುಗೋಲು, ಕೊಡಲಿ, ನೇಗಿಲ ಗುಳ, ಕುರಿ ಉಣ್ಣೆ ಕತ್ತರಿ, ಬಂದೂಕ. ಮಾವ ಮೊದಲು ಬಂದೂಕವನ್ನು ಕೀಲಿನಲ್ಲಿ ಮುರಿದು ತೆರೆದು, ಒಳಗೆ ತೋಟಾ ಇಲ್ಲವೆಂದು ನಮಗೆಲ್ಲ ತೋರಿಸಿ ನನ್ನ ಕೈಗೆ ಕೊಡುತ್ತಿದ್ದರು. ಅಲ್ಲಿಂದ ಮುಂದೆ ಅದು ಹೆಂಗಸರ ಕೆಲಸ. ಹುಣಸೆಹಣ್ಣು ಕಿವುಚಿ ಹಚ್ಚಬೇಕು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಬೇಕು, ತೊಳೆದು ಬಿಸಿಲಿಗಿಟ್ಟು ಹರಳೆಣ್ಣೆ ಸವರಬೇಕು. ತಾಮ್ರದ ಹಂಡೆ ತಿಕ್ಕಿದ ಹಾಗೆಯೇ. ಆಮೇಲೆ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಊದುಬತ್ತಿ ಚುಚ್ಚುವುದಕ್ಕೆ ಬಾಳೆಹಣ್ಣು ಸಾಲದೆ ಹೋದರೆ ನಾಲ್ಕು ಕಡ್ಡಿಯನ್ನು ನಳಿಗೆ ಬಾಯಿಗೇ ಸಿಕ್ಕಿಸಿಬಿಡುತ್ತಿದ್ದೆವು. ಅತ್ತೆ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದೆ. ಊರಿನಲ್ಲಿ ಇಷ್ಟು ಹೊಳೆಯುವ ಬಂದೂಕ ಇನ್ನೊಂದಿಲ್ಲ ಅಂತ ಮಾವ ಅಂದಾಗ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ಚುನಾವಣೆ ಹೊತ್ತಿಗೆ ಒಬ್ಬ ಪೊಲೀಸಪ್ಪ ಪಟ್ಟಿ ಹಿಡಿದು ಊರಿಗೆ ಬಂದರು. ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿ ಬಂದೂಕ ಇಟ್ಟುಕೊಂಡವರು ಚುನಾವಣೆ ಮುಗಿಯುವ ತನಕ ಠಾಣೆಗೆ ಒಪ್ಪಿಸಬೇಕು. ಪಟ್ಟಿಯಲ್ಲಿ ನಮ್ಮೂರಿನವರು ಇಬ್ಬರು. ಅವರ ಮನೆ ಮುಗಿಸಿಕೊಂಡು ಪೊಲೀಸಪ್ಪ ನಮ್ಮ ಮನೆ ಮುಂದೆ ಹಾದು ಹೋಗುತ್ತಿದ್ದರು, ಹೋಗಿಯೇ ಬಿಡುತ್ತಿದ್ದರು. ಜಗಲಿ ಮೇಲಿದ್ದ ಮಾವನೇ ಕೂಗಿ ಕರೆದರು.

"ಬರ್ರಿ ಸ್ವಾಮಿ, ಕುಂತ್ಕಳ್ರಿ. ನಮ್ದೂ ಒಂದು ಐತೆ, ಅದ್ನ ಬಿಟ್ಟು ಹೊಂಟ್ರಲ್ಲ."

ಪೊಲೀಸಪ್ಪ ಪಟ್ಟಿ ನೋಡಿದರು, ತಿರುವಿ ಹಾಕಿ ಹಿಂದುಗಡೆಯೂ ನೋಡಿದರು. ಲೈಸೆನ್ಸ್ ಎಲ್ಲಜ್ಜ ಅಂತ ಕೇಳಿದರು.

"ಲೈಸೆನ್ಸ್ ಯಾಕಪ್ಪ? ಅದು ಸರ್ಕಾರದ ಬಂದೂಕ. ಸರ್ಕಾರದ್ದಕ್ಕೆ ಸರ್ಕಾರವೇ ಲೈಸೆನ್ಸ್ ಮಾಡಿಸ್ಕಂತತಾ?"

ಅಷ್ಟರಲ್ಲಿ ನಾನು ಒಳಗಿಂದ ಬಂದೂಕ ತಂದು, ಎರಡೂ ಕೈಯಲ್ಲಿ ತಟ್ಟೆ ಹಿಡಿದ ಹಾಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಪೊಲೀಸಪ್ಪ ಒಂದು ಹೆಜ್ಜೆ ಹಿಂದೆ ಸರಿದಿದ್ದನ್ನು ನೋಡಿಯೇ ನನಗೆ ಏನೋ ತಪ್ಪಾಗಿದೆ ಅನ್ನಿಸಿತು. ಅವರು ಬಂದೂಕವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡರು. ಇದಕ್ಕೆ ಲೈಸೆನ್ಸ್ ಇಲ್ಲ, ಕಾಗದ ಏನಿದ್ದರೂ ಹುಡುಕಿಕೊಂಡು ಅಜ್ಜನೇ ಮೂರು ದಿನದೊಳಗೆ ಠಾಣೆಗೆ ಬರಬೇಕು, ಇಲ್ಲದಿದ್ದರೆ ಕೇಸಾಗುತ್ತದೆ ಅಂತ ಹೇಳಿ ಬೈಕು ಹತ್ತಿದರು. ಹೋಗುವ ಮುಂಚೆ ನಾನು ಕೊಟ್ಟ ಮಜ್ಜಿಗೆ ಕುಡಿದರು. ಅದೊಂದು ಸಮಾಧಾನ. ಮಜ್ಜಿಗೆ ಕುಡಿದ ಮನುಷ್ಯ ನಮ್ಮನ್ನು ಪೂರ್ತಿ ಕಳ್ಳರು ಅಂದುಕೊಂಡಿರಲಾರ.

ನಮ್ಮ ಮನೆಯವರು ಕುರಿ ಬಿಟ್ಟು ಬಂದವರು ವಿಷಯ ಕೇಳಿ ಅಪ್ಪನ ಮೇಲೆ ಹರಿಹಾಯ್ದರು. "ಹೋಗೋ ಪೊಲೀಸ್ನ ಕೂಗಿ ಕರೆದು ಕುಂಡ್ರುಸ್ಕಂಡಿದೀಯಲ್ಲಪ್ಪ, ನಿನಗೇನು ಬಾಯಿ ಸುಮ್ನಿರಲ್ವಾ?"

"ಲೇ, ಕದ್ದಿಟ್ಟಿದ್ನೇನಲೇ ನಾನು? ಅವ್ರ ಸಾಮಾನು, ಅವ್ರಿಗೆ ತೋರಿಸಿದೆ" ಅಂದರು ಮಾವ.

ಇಬ್ಬರು ಹೇಳಿದ್ದೂ ನನಗೆ ಸರಿ ಅನ್ನಿಸಿತು. ಅದೇ ನನ್ನ ಕಷ್ಟ.

ಕಾಗದ ಹುಡುಕಿದೆವು. ಅತ್ತೆಯ ಟ್ರಂಕಿನಲ್ಲಿ, ಅವರ ಮದುವೆ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಹಳದಿಯಾಗಿ ಮಡಿಕೆಯಲ್ಲೆಲ್ಲ ಹರಿದಿದ್ದ ಒಂದು ಹಾಳೆ. ಮೇಲೆ ದಳದ ಮುಖಂಡ ಅಂತ ಮಾವನ ಹೆಸರು, ಬಂದೂಕದ ನಂಬರು, ಸೀಲು. ಕೆಳಗೆ ಷರತ್ತುಗಳು. ಎಸ್ಸೆಸ್ಸೆಲ್ಸಿ ತನಕ ಓದಿದ್ದ ನಾನೇ ಗಟ್ಟಿಯಾಗಿ ಓದಿದೆ. ಬಂದೂಕ ಸರ್ಕಾರದ ಆಸ್ತಿ. ಮುಖಂಡ ಅದನ್ನು ತನ್ನ ವಶದಲ್ಲಿಟ್ಟುಕೊಂಡು ಕಾಯತಕ್ಕದ್ದು. ಕಾಲಕಾಲಕ್ಕೆ ಶುಚಿ ಮಾಡತಕ್ಕದ್ದು. ಕರೆದಾಗ ತಂದು ತೋರಿಸತಕ್ಕದ್ದು. ಬೇರೆಯವರ ಕೈಗೆ ಕೊಡತಕ್ಕದ್ದಲ್ಲ. ಮುಖಂಡ ಹುದ್ದೆ ಬಿಟ್ಟರೆ ಒಪ್ಪಿಸತಕ್ಕದ್ದು. ಇನ್ನೂ ಮೂರೋ ನಾಲ್ಕೋ ಇದ್ದವು, ಮಡಿಕೆಯಲ್ಲಿ ಅಳಿಸಿಹೋಗಿದ್ದವು.

"ನಾನು ಹುದ್ದೆ ಬಿಟ್ಟೇ ಇಲ್ವಲ್ಲ" ಅಂದರು ಮಾವ. "ಬಿಡು ಅಂತ ಯಾರೂ ಹೇಳೇ ಇಲ್ಲ."

ನಮ್ಮ ಮನೆಯವರಿಗೆ ಜೀವ ಬಂದಂತಾಯಿತು. ಕಾಗದದಲ್ಲಿ ನಂಬರು ಇದೆ, ಬಂದೂಕದ ಮೇಲೂ ಅದೇ ನಂಬರು ಇರುತ್ತದೆ, ಎರಡೂ ತಾಳೆಯಾದರೆ ಮುಗಿಯಿತು, ಬೆಳಿಗ್ಗೆಯೇ ಹೋಗಾಣ ಅಂದರು. ನನಗೆ ಮಾತ್ರ ಬೇರೆಯದೇ ನೆನಪಾಯಿತು. ಬಂದೂಕದಲ್ಲಿ ಬೆರಳಿಟ್ಟು ಎಳೆಯುವ ಕುದುರೆಯ ಪಕ್ಕದಲ್ಲಿ ಏನೋ ಸಣ್ಣ ಸಣ್ಣ ಗೀರುಗಳಿದ್ದವು. ಕುಂಕುಮವೂ ಎಣ್ಣೆ ಜಿಡ್ಡೂ ಅಲ್ಲೇ ಸೇರಿಕೊಂಡು ಕಪ್ಪಗೆ ಕೂರುತ್ತಿತ್ತು. ಪ್ರತಿ ಮಾರ್ನಮಿಗೂ ಪಿನ್ನಿನಲ್ಲಿ ಕೆದಕಿ, ಅಲ್ಲಿಗೇ ಒಂದು ಹಿಡಿ ಜಾಸ್ತಿ ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದೆ. ಯಾವುದೋ ಒಂದು ವರ್ಷದಿಂದ ಅಲ್ಲಿ ಕೊಳೆ ಕೂರುವುದೇ ನಿಂತಿತ್ತು. ಅಂತೂ ನುಣ್ಣಗಾಯಿತು ಅಂತ ಸಂತೋಷಪಟ್ಟಿದ್ದೆ.

ಈ ವಿಷಯ ಮನೆಯಲ್ಲಿ ಹೇಳಲಿಲ್ಲ. ಹೇಳಬೇಕಿತ್ತು. ಅದು ನಂಬರಾಗಿರಲಿಕ್ಕಿಲ್ಲ, ಕಂಪನಿಯವರ ಹೂವಿನ ಚಿತ್ತಾರ ಇದ್ದರೂ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡು ಬೀರಪ್ಪನಿಗೆ ಒಂದು ತುಪ್ಪದ ದೀಪ ಹಚ್ಚಿದೆ.

ಠಾಣೆಯ ಸಬ್ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು, ನಯವಾಗಿಯೇ ಮಾತಾಡಿದರು. ಕಾಗದವನ್ನು ಎರಡು ಸಲ ಓದಿದರು. ಬಂದೂಕವನ್ನು ಕಿಟಕಿ ಬೆಳಕಿಗೆ ಹಿಡಿದು, ಆಮೇಲೆ ಮೊಬೈಲಿನ ಲೈಟು ಬಿಟ್ಟು, ಅಂಚಂಚೂ ನೋಡಿದರು. ನಂಬರು ಇರಲಿಲ್ಲ. ನಂಬರು ಇರಬೇಕಾದ ಜಾಗ ಕನ್ನಡಿ ಹಾಗೆ ಹೊಳೆಯುತ್ತಿತ್ತು.

ಆಗ ಅವರು ಬಿಡಿಸಿ ಹೇಳಿದರು. ಸರ್ಕಾರ ಅಜ್ಜನಿಗೆ ಒಂದು ಬಂದೂಕ ಕೊಟ್ಟಿದ್ದು ಈ ಕಾಗದದಿಂದ ಗೊತ್ತಾಗುತ್ತದೆ. ಇಲ್ಲಿ ಒಂದು ಬಂದೂಕ ಇರುವುದೂ ನಿಜ. ಆದರೆ ಕೊಟ್ಟಿದ್ದು ಇದೇ ಬಂದೂಕ ಅನ್ನುವುದಕ್ಕೆ ಏನು ಗುರುತು? ಒಳ್ಳೆಯದನ್ನು ಯಾರಿಗೋ ಮಾರಿ ಬೇರೆ ಯಾವುದನ್ನೋ ತಂದಿಡುವವರೂ ಇದ್ದಾರೆ, ನಂಬರು ಉಜ್ಜಿ ಅಳಿಸುವುದು ಅಂಥವರೇ. ಜಿಲ್ಲಾ ಕೇಂದ್ರ ದುರ್ಗದಲ್ಲಿರುವ ಪೊಲೀಸ್ ಆಯುಧ ಕೊಠಡಿಗೆ ಕಳಿಸುತ್ತೇವೆ, ಅಲ್ಲಿಯೂ ಗುರುತು ಸಿಗದಿದ್ದರೆ ಲೈಸೆನ್ಸ್ ಇಲ್ಲದ ಬಂದೂಕ ಇಟ್ಟುಕೊಂಡಿದ್ದಕ್ಕೆ ಅಜ್ಜನ ಮೇಲೆ ಕೇಸು ಹಾಕದೆ ಬೇರೆ ದಾರಿಯಿಲ್ಲ.

ನಾನು ಎದ್ದು ನಿಂತು, ಅಳಿಸಿದ್ದು ನಾನು, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೋಯಿತು ಅಂದೆ. ಆಮೇಲೆ ಸಬ್ ಇನ್ಸ್‌ಪೆಕ್ಟರು, "ಅಮ್ಮ, ಮಾವನ್ನ ಉಳಿಸ್ಕಬೇಕು ಅನ್ನೋದು ಒಳ್ಳೇದೇ. ಆದ್ರೆ ಉಕ್ಕು ಹುಣಸೆಹಣ್ಣಿಗೆ ಸವೆಯುತ್ತೆ ಅಂದ್ರೆ ಯಾರ್ ನಂಬ್ತಾರೆ ಹೇಳ್ರಿ" ಅಂದರು. ನಿಜ ಹೇಳಿದ್ದಕ್ಕೆ ಸುಳ್ಳಿ ಅನ್ನಿಸಿಕೊಂಡು ಮತ್ತೆ ಕೂತೆ.

ಮನೆಗೆ ಬಂದು ಮುದ್ದೆ ಬಡಿಸಿದರೆ ಮಾವ ಒಂದು ತುತ್ತು ಮುರಿದು ಕೈ ತೊಳೆದರು. ಊರಿನಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ಅಜ್ಜ ಸರ್ಕಾರಿ ಬಂದೂಕ ಯಾವಾಗಲೋ ಮಾರಿಕೊಂಡಿದ್ದಾನಂತೆ ಅಂತ ನಲ್ಲಿ ಹತ್ತಿರ ನನ್ನ ಬೆನ್ನಿಗೇ ಅಂದರು. ಬಾಗೂರಿನಿಂದ ಮಾತಾಡಿಸುವುದಕ್ಕೆ ಬಂದ ನೆಂಟರೊಬ್ಬರು, ಎಷ್ಟಕ್ಕೆ ಕೊಟ್ರಿ ಅಂತ ತಮಾಷೆಗೆ ಕೇಳಿದರು. ಮಾವ ಎದ್ದು ಕುರಿ ದೊಡ್ಡಿಗೆ ಹೋಗಿ ಕೂತರು, ನೆಂಟರು ಹೋಗುವ ತನಕ ಬರಲಿಲ್ಲ.

ನಾನು ಅವರಿಗೆ ಅಲ್ಲಿಗೇ ಊಟ ತೆಗೆದುಕೊಂಡು ಹೋದೆ. ನನ್ನಿಂದ ಹೀಗಾಯಿತು ಮಾವ, ಕ್ಷಮಿಸಿ ಅಂದೆ. ಅವರು ತಟ್ಟೆ ಮುಟ್ಟಲಿಲ್ಲ.

"ನಿನ್ನ ತಪ್ಪೇನೈತವ್ವ. ಈ ವಯಸ್ಸಲ್ಲಿ ಜೈಲು ಅಂದ್ರೂ ಹೋಗಿ ಕುಂತ್ಕಂತೀನಿ. ಕಳ್ಳರಿಂದ ಊರು ಕಾಯಾಕೆ ಅಂತ ಕೊಟ್ಟಿದ್ದು, ನೀನೇ ಕಳ್ಳ ಅಂದ್ರಲ್ಲ. ನಾನು ಸುಳ್ಳು ಹೇಳಿದ್ದು ಯಾರು ಕಂಡಾರೆ ಹೇಳು."

ನಾನಂತೂ ಕಂಡಿರಲಿಲ್ಲ. ಸಂತೆಯಲ್ಲಿ ಕುಂಟು ಕುರಿ ಮಾರುವಾಗ ಅದರ ಕುಂಟು ಕಾಲನ್ನೇ ಮೊದಲು ಎತ್ತಿ ತೋರಿಸುವ ಮನುಷ್ಯ ಅವರು. ಆ ನಾಲ್ಕೈದು ದಿನ ಅವರು ಮಜ್ಜಿಗೆಯಲ್ಲೇ ಇದ್ದರು. ಜ್ವರ ಬರಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಅಷ್ಟರಮಟ್ಟಿಗೆ ದೇವರು ಕಣ್ಣು ಬಿಟ್ಟಿದ್ದ.

ದುರ್ಗಕ್ಕೆ ಬರಬೇಕು ಅಂತ ಕರೆ ಬಂದ ದಿನ ನಾವು ಮೂವರೂ ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ನಾನು ಆ ಷರತ್ತಿನ ಹಾಳೆಯನ್ನೇ ಯೋಚಿಸುತ್ತಿದ್ದೆ. ಶುಚಿ ಮಾಡತಕ್ಕದ್ದು ಅಂತ ಬರೆದಿದ್ದರು, ನಾನು ಶುಚಿ ಮಾಡಿದೆ. ಯಾವುದರಿಂದ ಮಾಡಬೇಕು ಅಂತ ಬರೆದಿರಲಿಲ್ಲ. ಎಷ್ಟು ಮಾಡಿದರೆ ಸಾಕು ಅಂತಲೂ ಇರಲಿಲ್ಲ. ಅದನ್ನು ಬರೆದವರು ಕೊಳೆಯಾಗಿ ಬಿಡುವವರನ್ನು ನೆನೆಸಿಕೊಂಡು ಬರೆದಿರಬೇಕು, ನಮ್ಮಂಥವರು ಅವರ ತಲೆಗೆ ಹೊಳೆದೇ ಇಲ್ಲ. ದೂರದಲ್ಲಿ ಜೋಗಿಮಟ್ಟಿಯ ಗುಡ್ಡ ಕಂಡಾಗ, ಇಳಿಯುವ ಹೊತ್ತಾಯಿತು ಅಂತ ನಮ್ಮ ಮನೆಯವರು ಕಾಗದ ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಬಂದೂಕ ರಿಪೇರಿ ಮಾಡುವ ಪೊಲೀಸರು ಹಣೆಗೆ ಕನ್ನಡಕ ಏರಿಸಿಕೊಂಡಿದ್ದ ದಪ್ಪ ಮನುಷ್ಯ, ಮುಂದಿನ ವರ್ಷ ರಿಟೈರಾಗುವವರಂತೆ. ನಮ್ಮ ಬಂದೂಕವನ್ನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿದ್ದರು. ಆಪರೇಷನ್ನಿಗೆ ಕರೆದುಕೊಂಡು ಬಂದವರ ಹಾಗೆ ನಾವು ಸುತ್ತ ನಿಂತೆವು. ಅವರು ಬಂದೂಕ ಮುರಿದು, ನಳಿಗೆಯೊಳಗೆ ಉದ್ದ ಕಬ್ಬಿಣದ ಸಲಾಕೆ ಹಾಕಿ ತಳ್ಳಿದರು. ಆ ಕಡೆಯಿಂದ ಬೂದಿ ಬಿತ್ತು. ಇನ್ನೊಂದು ಸಲ ತಳ್ಳಿದರು. ಸುಟ್ಟ ಊದುಬತ್ತಿ ಕಡ್ಡಿಗಳು ಒಂದೊಂದಾಗಿ ಬಟ್ಟೆ ಮೇಲೆ ಉದುರಿದವು, ಅವುಗಳ ಜೊತೆ ಒಣಗಿದ ಸೇವಂತಿಗೆ ಎಸಳು.

ಅವರು ಬೂದಿಯನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿದರು. "ಏನಜ್ಜ, ಇದ್ರಾಗೆ ಗುಂಡು ಹಾರಿಸ್ತಿದ್ರೋ, ಧೂಪ ಹಾಕ್ತಿದ್ರೋ?"

ಮಾವ ನೆಲ ನೋಡುತ್ತಿದ್ದರು. ನಾನೇ ಎಲ್ಲ ಹೇಳಿದೆ. ಮಾರ್ನಮಿ, ಹುಣಸೆಹಣ್ಣು, ಇಟ್ಟಿಗೆ ಪುಡಿ, ಪಿನ್ನು. ಎಷ್ಟು ವರ್ಷದಿಂದ ಅಂತ ಕೇಳಿದರು. ನಾನು ಮೂವತ್ತು, ಅದಕ್ಕಿಂತ ಮುಂಚೆ ನಮ್ಮತ್ತೆ ಅಂದೆ. ಅವರು ಆ ನುಣ್ಣನೆ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ನಂಬರು ಅಳಿಸುವವರು ಅರ ಹಾಕಿ ಉಜ್ಜುತ್ತಾರೆ, ಗೆರೆ ಬೀಳುತ್ತದೆ, ಇಲ್ಲಿ ಒಂದು ಗೆರೆಯೂ ಇಲ್ಲ ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ಆ ಐದು ದಿನದಲ್ಲಿ ಅವರು ನನ್ನನ್ನು ಬೈದಿರಲಿಲ್ಲ, ನೋಡಿಯೂ ಇರಲಿಲ್ಲ.

ಆಮೇಲೆ ಅವರು ಸ್ಕ್ರೂಡ್ರೈವರ್ ತೆಗೆದುಕೊಂಡು ನಳಿಗೆಯ ಕೆಳಗಿನ ಮರದ ತುಂಡನ್ನು ಬಿಚ್ಚತೊಡಗಿದರು. ಹರಳೆಣ್ಣೆ ಗೋಂದಿನ ಹಾಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು ಕಾದರು. ನಾನು ಸೆರಗಿನೊಳಗೆ ಕೈ ಜೋಡಿಸಿಕೊಂಡಿದ್ದೆ. ಮರ ಕಳಚಿ ಬಂತು. ಅದರಡಿಯ ಕಬ್ಬಿಣವನ್ನು ನಾನು ಒಂದು ದಿನವೂ ತಿಕ್ಕಿರಲಿಲ್ಲ, ಹಾಗೊಂದು ಜಾಗವಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಜಿಡ್ಡು ಒರೆಸಿದರೆ ಏನೋ ಕೊರೆದ ಹಾಗೆ ಕಂಡಿತು. ಅವರು ಕನ್ನಡಕ ಇಳಿಸಿಕೊಂಡರು.

ಅವರು ಓದುವುದಕ್ಕೆ ಮೊದಲೇ ಮಾವ ತಲೆಯೆತ್ತಿ ನಂಬರು ಹೇಳಿದರು. ನೆಟ್ಟಗೆ ನಿಂತು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಒಂದೊಂದೇ ಅಂಕಿಯನ್ನು ಕೂಗಿ ಹೇಳಿದರು. ಶಾಲೆ ಬಯಲಿನಲ್ಲಿ ಸಾಹೇಬರಿಗೆ ಹಾಗೇ ಹೇಳುತ್ತಿದ್ದರೋ ಏನೋ. ನಮ್ಮ ಮನೆಯವರು ಕಾಗದ ಹಿಡಿದುಕೊಂಡಿದ್ದರು.

"ಅದೇ ನಂಬರು ಒಳಗೂ ಕೊರೆದೈತೆ ಅಜ್ಜ" ಅಂದರು ಆ ದಪ್ಪ ಮನುಷ್ಯ. "ಇದು ನಮ್ದೇ ಬಂದೂಕ."

ನಾನು ಬೀರಪ್ಪ ಅಂದೆ.

ಇನ್ನು ಕೇಸಿಲ್ಲ, ಬಂದೂಕ ಸರ್ಕಾರಕ್ಕೆ ವಾಪಸ್ಸು, ನಮಗೆ ಒಂದು ರಶೀದಿ. ಆದರೆ ಅದಕ್ಕೊಂದು ಫಾರಂ ತುಂಬಬೇಕಿತ್ತು. ಮೇಲಿನ ನಂಬರು ಸವೆದದ್ದು ಹೇಗೆ, ಯಾರ ಕೈಯಲ್ಲಿ ಅಂತ ಅದರಲ್ಲಿ ಬರೆಯಬೇಕು. ನನ್ನ ಹೆಸರು ಬರೆದುಕೊಳ್ಳಿ ಅಂತ ನಾನು ಮುಂದೆ ಬಂದೆ. ಅವರು ಪೆನ್ನು ಕೆಳಗಿಟ್ಟರು. ನಮ್ಮ ಕಾಗದದ ಷರತ್ತನ್ನೇ ತೋರಿಸಿ, ಬೇರೆಯವರ ಕೈಗೆ ಕೊಡತಕ್ಕದ್ದಲ್ಲ ಅಂತ ಇದೆ ನೋಡ್ರಮ್ಮ, ನಿಮ್ಮ ಹೆಸರು ಬರೆದರೆ ಅಜ್ಜ ಷರತ್ತು ಮುರಿದ ಹಾಗಾಯಿತು, ಅದು ಇನ್ನೊಂದು ತಲೆನೋವು ಅಂದರು. ದಳದವರಲ್ಲದ ನೀವು ಇದನ್ನು ಮುಟ್ಟಲೇಬಾರದಿತ್ತು.

ಮನೆಯಲ್ಲಿ ನಾನೇ ಗಟ್ಟಿಯಾಗಿ ಓದಿದ್ದ ಸಾಲು ಅದು. ಆಗ ಬೇರೆಯವರು ಅಂದರೆ ಊರಿನವರು ಅಂದುಕೊಂಡಿದ್ದೆ. ನಾನು ಅಂತ ಹೊಳೆದಿರಲಿಲ್ಲ. ಹಾಗಾದರೆ ಮೂವತ್ತು ಮಾರ್ನಮಿ ನಾನು ಮಾಡಿದ್ದು ಪೂಜೆಯೋ ಅಪರಾಧವೋ? ಬಾಯಿ ಬಿಟ್ಟು ಕೇಳಿಯೇ ಬಿಟ್ಟೆ. ಅವರು ಮಾವನ ಕಡೆ ನೋಡಿದರು.

"ಬರ್ಕಳ್ರಿ ಸ್ವಾಮಿ" ಅಂದರು ಮಾವ. "ತಿಕ್ಕಿದ್ದು ನಾನೇ. ಪೂಜೆ ಮಾಡಿದ್ದೂ ನಾನೇ. ನನ್ನ ಸೊಸೆ ಆ ಬಂದೂಕ ಮುಟ್ಟಿಲ್ಲ."

ಆ ದಪ್ಪ ಮನುಷ್ಯ ನನ್ನನ್ನೂ ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ತಲೆ ತಗ್ಗಿಸಿಕೊಂಡು ಅವರು ಹೇಳಿದ್ದನ್ನೇ ಬರೆದರು. ಮಾವ ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ರುಜು ಮಾಡಿದರು.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿಗೆ ಹೋದೆವು. ಮಾವ ಅನ್ನ ಸಾರು ಕಲೆಸಿಕೊಂಡು ಊಟ ಮಾಡಿದರು. ಎರಡನೇ ಸಲವೂ ಅನ್ನ ಹಾಕಿಸಿಕೊಂಡರು, ಹಪ್ಪಳ ಕೇಳಿ ತರಿಸಿಕೊಂಡರು. ಸುಳ್ಳು ಹೇಳಿದವನು ಅನ್ನಿಸಿಕೊಂಡಿದ್ದಕ್ಕೆ ಐದು ದಿನ ಅನ್ನ ಬಿಟ್ಟಿದ್ದ ಮನುಷ್ಯ, ಈಗ ಸುಳ್ಳು ಹೇಳಿ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದರು. ನನ್ನ ಎಲೆಯಲ್ಲಿ ಅನ್ನ ಹಾಗೇ ಆರುತ್ತಿತ್ತು. ಬೀರಪ್ಪನಿಗೆ ಇದನ್ನು ಏನೆಂದು ಹೇಳಲಿ, ಮಾವನ ಸುಳ್ಳನ್ನು ಮನ್ನಿಸು ಅನ್ನಲೋ, ಅವರಿಗೆ ಇನ್ನೊಂದಷ್ಟು ಆಯಸ್ಸು ಕೊಡು ಅನ್ನಲೋ, ಎರಡನ್ನೂ ಒಟ್ಟಿಗೆ ಕೇಳಬಹುದೋ ಅಂತ ಯೋಚಿಸುತ್ತ ಕೂತಿದ್ದೆ.

"ಉಣ್ಣವ್ವ, ಬಸ್ಸಿಗೆ ಹೊತ್ತಾಗ್ತತೆ" ಅಂದರು ಮಾವ.